ಸಸಿ ಯಾರದು, ಗದ್ದೆ ಯಾರದು?

ಬಜರ್‌ಬೀಟರ್ ಎಂಬ ಆನ್‌ಲೈನ್ ಬಾಸ್ಕೆಟ್‌ಬಾಲ್‌ನಲ್ಲಿ ನಾವು ಆಡುವವರಲ್ಲ, ಆಡಿಸುವವರು. ಕ್ಲಬ್ ನಮ್ಮದು, ಸಂಬಳ ಕೊಡುವುದು ನಾವು, ತರಬೇತಿಯ ಲೆಕ್ಕವೂ ನಮ್ಮದೇ. ಪ್ರಶ್ನೆ ಇಷ್ಟೆ: ಕೈಗೆ ಸಿಕ್ಕ ಒಳ್ಳೆಯ ಹುಡುಗನನ್ನು ಕ್ಲಬ್‌ಗೆ ಬೇಕಾದಂತೆ ತಯಾರು ಮಾಡಬೇಕೋ, ದೇಶದ 21 ವಯಸ್ಸಿನವರೆಗಿನ ಹುಡುಗರ ತಂಡಕ್ಕೆ ಬೇಕಾದಂತೆಯೋ? ದೇಶದ ತಂಡದ ಪರವಾಗಿ ಗಂಗಾವತಿಯವನೊಬ್ಬ, ವಿರೋಧವಾಗಿ ಮಾನ್ವಿಯವರೊಬ್ಬರು ಬರೆದಿದ್ದಾರೆ.

ಪರ

ಹೊಸ ಹುಡುಗರನ್ನು ಕ್ಲಬ್‌ಗಳಿಗೆ ಹಂಚುವ ಡ್ರಾಫ್ಟಿನಲ್ಲಿ ನನ್ನ ಪಾಲಿಗೆ ಬಂದವನ ವಯಸ್ಸು 18, ಎತ್ತರ ಆರಡಿ ಹನ್ನೊಂದು ಇಂಚು. ಎಷ್ಟು ಬೆಳೆಯಬಲ್ಲ ಎಂದು ಹೇಳುವ ಪೊಟೆನ್ಶಿಯಲ್ ಕಾಲಂನಲ್ಲಿ ‘ಹಾಲ್ ಆಫ್ ಫೇಮರ್’ ಅಂತಿತ್ತು. ರೈಸ್ ಮಿಲ್ಲಿನಲ್ಲಿ ತೂಕದ ಚೀಟಿ ಬರೆಯುತ್ತಿದ್ದವನು ಪೆನ್ನು ಕೆಳಗಿಟ್ಟೆ.

ಇಷ್ಟು ಎತ್ತರದವನನ್ನು ಬುಟ್ಟಿಯ ಹತ್ತಿರದ ಸೆಂಟರ್ ಜಾಗಕ್ಕೆ ನಿಲ್ಲಿಸಿ, ರಿಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯುವುದು) ಮತ್ತು ಇನ್‌ಸೈಡ್ ಶಾಟ್ ಕಲಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಕ್ಲಬ್ ಬೇಗ ಗೆಲ್ಲುತ್ತದೆ, ಆದರೆ ಆ ಕೌಶಲಗಳ ಜೊತೆಗೆ ಅವನ ಸಂಬಳವೂ ಏರುತ್ತದೆ. ಅವನಿಗೆ ಬುಟ್ಟಿಯಿಂದ ಹೊರಗಿನ ಆಟ, ಅಂದರೆ ಔಟ್‌ಸೈಡ್ ಡಿಫೆನ್ಸ್, ಹ್ಯಾಂಡ್ಲಿಂಗ್, ಪಾಸಿಂಗ್ ಕೂಡ ಕಲಿಸಿದರೆ ಸಂಬಳ ಅಷ್ಟಾಗಿ ಏರುವುದಿಲ್ಲ, ಮೈದಾನದಲ್ಲಿ ಮಾತ್ರ ಎರಡಾಳಿನ ಕೆಲಸ ಮಾಡುತ್ತಾನೆ. ರಾಷ್ಟ್ರೀಯ ಕೋಚ್ ಹುಡುಕುವುದು ಇಂಥವನನ್ನೇ.

ಕಷ್ಟ ಇಲ್ಲ ಅಂತಲ್ಲ. ಕಲಿಸಬೇಕಾದ ಜಾಗದಲ್ಲೇ ವಾರಕ್ಕೆ 48 ನಿಮಿಷ ಆಡಿಸಿದರೆ ಮಾತ್ರ ಪೂರ್ತಿ ತರಬೇತಿ ಮೈಗೆ ಹತ್ತುತ್ತದೆ. ಅಂದರೆ ಈ ಎತ್ತರದವನು ಇಡೀ ಪಂದ್ಯ ಚೆಂಡು ನಡೆಸಿ ಆಟ ಕಟ್ಟುವ ಪಾಯಿಂಟ್ ಗಾರ್ಡ್ ಆಗಿ ಓಡಬೇಕು. ಎತ್ತರದವರಿಗೆ ಹೊರಗಿನ ಆಟ ನಿಧಾನಕ್ಕೆ ಹತ್ತುವುದು ಬೇರೆ. ಪಂದ್ಯ ಸೋಲುತ್ತೇವೆ, ಸೋತಿದ್ದೇನೆ.

ಆದರೆ ಆಟದ ಹುಡುಗನಿಗೆ ಸೀಸನ್ನಿಗೊಂದು ವಯಸ್ಸು, 18ರಿಂದ 21ಕ್ಕೆ ಸಿಗುವುದು ನಾಲ್ಕೇ ಸೀಸನ್. ತರಬೇತಿ ವಾರಕ್ಕೊಮ್ಮೆ, ಶುಕ್ರವಾರ. ತಪ್ಪಿದ ಶುಕ್ರವಾರ ಮತ್ತೆ ಬರುವುದಿಲ್ಲ, ವಯಸ್ಸು ಏರಿದಷ್ಟೂ ಕಲಿಯುವ ವೇಗ ಇಳಿಯುತ್ತದೆ. ಬೇರೆ ದೇಶದಲ್ಲಾದರೆ ನಾನಲ್ಲದಿದ್ದರೆ ಇನ್ನೊಬ್ಬ ಬೆಳೆಸಿಯಾನು. ಭಾರತದಿಂದ ಇದನ್ನು ಆಡುವವರು ಅಷ್ಟು ಮಂದಿ ಇಲ್ಲ. ನಿಜವಾದ ಬಾಸ್ಕೆಟ್‌ಬಾಲ್‌ನಲ್ಲಿ ನಮ್ಮ ಗಂಡಸರ ತಂಡ ಒಲಿಂಪಿಕ್ಸ್ ಕಂಡದ್ದು ಒಂದೇ ಸಲ, 1980ರ ಮಾಸ್ಕೋದಲ್ಲಿ, ಅದೂ 12 ತಂಡಗಳಲ್ಲಿ ಕೊನೆಯ ಸ್ಥಾನ. ಪರದೆಯ ಮೇಲಾದರೂ ಒಂದು ಮೆಟ್ಟಿಲು ಮೇಲೆ ಹತ್ತೋಣ ಅಂತ ನನಗೆ ಆಸೆ.

ನಮ್ಮ ಕಡೆ ಬೋರ್ ಇದ್ದವರು ಕಾಲುವೆಗೆ ನೀರು ಬಿಡುವ ಮೊದಲೇ ಸಸಿ ಮಡಿ ಹಾಕುತ್ತಾರೆ. ಆ ಸಸಿಯೆಲ್ಲ ಅವರದೇ ಗದ್ದೆಗೆ ಹೋಗುವುದಿಲ್ಲ, ಊರಿನ ನಾಟಿಗೂ ಆಗುತ್ತದೆ.

ವಿರೋಧ

ತಮ್ಮಾ, ಸಸಿ ಮಡಿ ಮಾತು ಚಲೋ ಐತಿ. ಆದರೆ ನೀನು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವನು. ನಾವು ಕೊನೇ ಭಾಗದವರು, ಮೈಲ್ 104ರಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ನೋಡಿಕೊಂಡು ಕೂತವರು. ಮೇಲಿನವರು ನೀರು ಹಾಯಿಸಿ ಮುಗಿಸಿದ ಮೇಲೆ ಉಳಿದರೆ ನಮ್ಮದು. ಆಟದಲ್ಲೂ ಹಾಗೇ. ಕೆಳಗಿನ ಡಿವಿಜನ್‌ನ ಬಡ ಕ್ಲಬ್‌ಗೆ ದೇಶಸೇವೆ ಮಾಡು ಅಂದರೆ ನೀರು ಬರುವ ಮೊದಲೇ ನಾಟಿ ಮಾಡು ಅಂದ ಹಾಗೆ.

ನನ್ನದೇ ಕತೆ ಹೇಳುತ್ತೇನೆ. ಒಬ್ಬ ಹುಡುಗನಿಗಾಗಿ ರಾಷ್ಟ್ರೀಯ ಕೋಚ್ ಸಂದೇಶ ಕಳಿಸಿದ: ಇನ್ನೊಂದು ಸೀಸನ್ ಡಿಫೆನ್ಸ್ ಕಲಿಸಿ, ಆಮೇಲೆ ಡ್ರೈವಿಂಗ್ (ಚೆಂಡಿನೊಂದಿಗೆ ಬುಟ್ಟಿಯತ್ತ ನುಗ್ಗುವುದು). ಕಲಿಸಿದೆ. ಕ್ಲಬ್‌ನ ತರಬೇತುದಾರನ ಸಂಬಳ ವಾರವಾರ ಏರುತ್ತಿತ್ತು. ಎತ್ತರದ ಹುಡುಗ ಗಾರ್ಡ್ ಆಗಿ ಚೆಂಡು ಕಳೆದುಕೊಳ್ಳುತ್ತಿದ್ದ, ನಾವು ಸೋಲುತ್ತಿದ್ದೆವು, ಟಿಕೆಟ್ ದುಡ್ಡು ಇಳಿಯಿತು, ಕ್ಲಬ್ ಕೆಳಗಿನ ಡಿವಿಜನ್‌ಗೆ ಬಿತ್ತು. ಅಷ್ಟರಲ್ಲಿ ಕೋಚ್ ಚುನಾವಣೆ ಬಂತು. ಆ ಹುದ್ದೆಗೂ ಮತ ಹಾಕುವುದು ಇದೆಯಲ್ಲ! ಹೊಸಬ ಗೆದ್ದ, ಅವನ ಲೆಕ್ಕವೇ ಬೇರೆ. ನನ್ನ ಹುಡುಗ ಪಟ್ಟಿಯಲ್ಲೇ ಇಲ್ಲ. ಹೊಸಬನದು ತಪ್ಪು ಅನ್ನುವುದಿಲ್ಲ. ಆದರೆ ನಾಲ್ಕು ಸೀಸನ್ ಅಂದರೆ ನಮ್ಮ ನಿಜ ಲೆಕ್ಕದಲ್ಲಿ ವರ್ಷದಷ್ಟು ದಿನ. ಯಾರದೋ ಮನಸ್ಸಿನಲ್ಲಿದ್ದ ನಕ್ಷೆಗೆ ನಾನು ಮನೆ ಕಟ್ಟಿದೆ.

ಪಂದ್ಯದ ನಿಮಿಷಗಳ ಕಾಟವೂ ಇದೆ. ಕಡಿಮೆ ಆಡಿಸಿದರೆ ತರಬೇತಿ ಅರೆಬರೆ, ಜಾಸ್ತಿ ಆಡಿಸಿದರೆ ಗೇಮ್ ಶೇಪ್, ಅಂದರೆ ಆಡುವ ಕಸುವು, ಕೆಡುತ್ತದೆ. ಮೊದಲ ಪಂದ್ಯದಲ್ಲೇ ಫೌಲ್ ಮಾಡಿ ಬೆಂಚಿಗೆ ಹೋದರೆ ಆ ವಾರದ ಲೆಕ್ಕವೆಲ್ಲ ಮತ್ತೆ ಹೊಸದಾಗಿ. ಅದನ್ನು ಸರಿತೂಗಿಸುತ್ತ ಕೂತರೆ ಉಳಿದ ಆಟಗಾರರನ್ನು ನೋಡುವವರು ಯಾರು?

ನೀನು ಒಂದು ಮಾತು ಹೇಳಲೇ ಇಲ್ಲ. ಹುಡುಗನನ್ನು ಯಾವ ದೇಶದ ಕ್ಲಬ್ ಕೊಂಡರೂ ಅವನು ಭಾರತದವನೇ, ಭಾರತ ತಂಡಕ್ಕೇ ಆಡುತ್ತಾನೆ. ಹಾಗಿದ್ದ ಮೇಲೆ ಅವನನ್ನು ನಾನೇ ಯಾಕೆ ಸಾಕಬೇಕು? 18ರಲ್ಲೇ ಹರಾಜಿಗಿಡು. ಒಳ್ಳೆಯ ತರಬೇತುದಾರ, ಕೈಯಲ್ಲಿ ದುಡ್ಡು, ಸೋತರೂ ತಡೆಯುವ ಬಲ ಇರುವ ಕ್ಲಬ್ ಕೊಳ್ಳಲಿ. ಅವನು ನಮ್ಮಲ್ಲಿಗಿಂತ ಚೆನ್ನಾಗಿ ಬೆಳೆಯುತ್ತಾನೆ, ನಮ್ಮ ಖಜಾನೆಗೂ ನಾಲ್ಕು ಕಾಸು. ‘ನಾನೇ ಬೆಳೆಸಿದೆ’ ಅನ್ನುವ ಹಟದಲ್ಲಿ ದೇಶಪ್ರೇಮ ಎಷ್ಟು, ಹೆಸರಿನ ಆಸೆ ಎಷ್ಟು ಅಂತ ಒಂದು ಸಲ ನೋಡಿಕೋ. ನನಗಂತೂ ಎರಡನೆಯದೇ ಹೆಚ್ಚಿತ್ತು.

ಮಾಸ್ಕೋ ಮಾತು ತೆಗೆದೆಯಲ್ಲ, ಅದಕ್ಕೊಂದು ಅಡ್ಡಮಾತು. ನಾನು ಓದಿದ ಶಾಲೆಯ ಅಂಗಳದಲ್ಲಿ ಒಂದು ರಿಂಗ್ ಇತ್ತು, ಬಲೆ ಇರಲಿಲ್ಲ. ಚೆಂಡು ಒಳಗೆ ಬಿತ್ತೋ ಇಲ್ಲವೋ ಅಂತಲೇ ಅರ್ಧ ಹೊತ್ತು ಜಗಳ. ಪರದೆಯ ಮೇಲಿನ ಮೆಟ್ಟಿಲು ಆ ರಿಂಗಿಗೆ ಬಲೆ ಹಾಕುವುದಿಲ್ಲ.

ಇಷ್ಟೆಲ್ಲ ಹೇಳಿಯೂ, ಕೊನೆಗೆ ಮಾರಿದ ಆ ಹುಡುಗನ ಪುಟವನ್ನು ಪ್ರತಿ ಶುಕ್ರವಾರ ತೆರೆದು ನೋಡುತ್ತೇನೆ. ಹೆಂಡತಿ, ‘ಯಾರ್ರೀ ಅವನು, ಅಷ್ಟು ಹೊತ್ತು ನೋಡ್ತೀರಿ’ ಅಂತಾಳೆ. ಈ ಸಲದ ಡ್ರಾಫ್ಟಿನಲ್ಲಿ ನನಗೂ 18ರ ಇನ್ನೊಬ್ಬ ಬಂದಿದ್ದಾನೆ, ನಿನ್ನವನಿಗಿಂತ ಒಂದು ಇಂಚು ಎತ್ತರ. ಹರಾಜಿಗಿಟ್ಟಿದ್ದೇನೆ. ನಿನಗೆ ಬೇಕಿದ್ದರೆ ಬಿಡ್ ಹಾಕು ತಮ್ಮಾ, ರೇಟು ಮಾತ್ರ ಇಳಿಸುವುದಿಲ್ಲ.