ಗ್ವಾದಲೂಪೆ ಮಾತೆ ಮತ್ತು ಮೂಲನಿವಾಸಿಗಳ ಪಾಲು

ಮೆಕ್ಸಿಕೊ ನಗರದಲ್ಲಿ ನೆಲೆಸಿರುವ ನನ್ನನ್ನು ಊರಿನಿಂದ ಬರುವ ಬಂಧುಮಿತ್ರರು ಕೇಳುವ ಪ್ರಶ್ನೆಯೊಂದಿದೆ. ತಮ್ಮದೇ ದೇವರು, ತಮ್ಮದೇ ಪಂಚಾಂಗ, ತಮ್ಮದೇ ಪುರೋಹಿತರಿದ್ದ ಇಷ್ಟೊಂದು ಮೂಲನಿವಾಸಿ ಸಮುದಾಯಗಳು ಕಥೋಲಿಕರಾದದ್ದು ಹೇಗೆ? ಇದಕ್ಕೆ ಇಲ್ಲಿ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಭಕ್ತರ ಉತ್ತರದ ಪ್ರಕಾರ, 1531ರ ಡಿಸೆಂಬರಿನಲ್ಲಿ ನಗರದ ಉತ್ತರಕ್ಕಿರುವ ತೆಪೆಯಾಕ್ ಗುಡ್ಡದ ಮೇಲೆ ಇಂದು ಗ್ವಾದಲೂಪೆ ಮಾತೆಯೆಂದು ಪೂಜೆಗೊಳ್ಳುವ ಮರಿಯಮ್ಮ ಹ್ವಾನ್ ದಿಯೆಗೊ ಎಂಬ, ನಾವಾ ಎಂಬ ಮೂಲನಿವಾಸಿ ಜನಾಂಗದ ಬಡವನಿಗೆ ದರ್ಶನ ಕೊಟ್ಟಳು, ಅವನ ಹೊದಿಕೆಯ ಮೇಲೆ ತನ್ನ ರೂಪವನ್ನು ಮೂಡಿಸಿದಳು, ಅದನ್ನು ಕಂಡು ಕೆಲವೇ ವರ್ಷಗಳಲ್ಲಿ 80 ಲಕ್ಷ ಜನ ಜ್ಞಾನಸ್ನಾನ ಪಡೆದರು. ನಂಬದವರ ಉತ್ತರದ ಪ್ರಕಾರ, ಹಳೆಯ ತಾಯಿದೇವತೆಯ ಜಾಗದಲ್ಲಿ ಹೊಸ ಚಿತ್ರವೊಂದನ್ನು ಇಟ್ಟು ಸ್ಪೇನಿನ ಪಾದ್ರಿಗಳು ಮುಗ್ಧ ಜನರನ್ನು ಮರುಳುಗೊಳಿಸಿದರು. ನಾನು ಕ್ರೈಸ್ತನಲ್ಲ, ದಕ್ಷಿಣ ಕನ್ನಡದಲ್ಲಿ ಕ್ರೈಸ್ತ ನೆರೆಹೊರೆಯವರ ನಡುವೆ ಬೆಳೆದವನು. ಈ ಎರಡೂ ಉತ್ತರಗಳು ಮೂಲನಿವಾಸಿಗಳಿಗೆ ಅನ್ಯಾಯ ಮಾಡುತ್ತವೆ ಎಂಬುದು ಇಲ್ಲಿಯ ಬದುಕು ನನ್ನಲ್ಲಿ ಗಟ್ಟಿಗೊಳಿಸಿರುವ ಅಭಿಪ್ರಾಯ.

ಮೊದಲ ಉತ್ತರವನ್ನು ಕಾಲಾನುಕ್ರಮವೇ ಒಪ್ಪುವುದಿಲ್ಲ. ನಾವಾ ಜನಾಂಗದವರೇ ಆದ ಅಸ್ತೆಕರ ರಾಜಧಾನಿ ತೆನೊಚ್ತಿತ್ಲಾನ್ ಸ್ಪೇನಿನವರ ವಶವಾದದ್ದು 1521ರಲ್ಲಿ. ಹನ್ನೆರಡು ಮಂದಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ತಂಡ 1524ರಲ್ಲಿ ಬಂದಿಳಿದ ಕೂಡಲೇ ಸಾಮೂಹಿಕ ಜ್ಞಾನಸ್ನಾನ ಶುರುವಾಯಿತು. ಆ ತಂಡದಲ್ಲಿದ್ದ ಮೊತೊಲಿನಿಯಾ, 1536ರ ವರೆಗೆ 40 ಲಕ್ಷಕ್ಕೂ ಹೆಚ್ಚು ಜನ ಜ್ಞಾನಸ್ನಾನ ಪಡೆದರೆಂದು ಬರೆದಿದ್ದಾನೆ. ಉತ್ಸಾಹದಲ್ಲಿ ಲೆಕ್ಕ ಹಿಗ್ಗಿರಬಹುದು. ಆದರೆ ಅಷ್ಟು ವಿವರವಾಗಿ ಬರೆದ ಅವನು ತೆಪೆಯಾಕಿನ ದರ್ಶನದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಕಥೆಯಲ್ಲಿ ಹೊದಿಕೆಯ ಚಿತ್ರವನ್ನು ಕಣ್ಣಾರೆ ಕಂಡ ಬಿಷಪ್ ಹ್ವಾನ್ ದೆ ಸುಮಾರ್ರಗನ ಉಳಿದುಬಂದಿರುವ ಬರಹಗಳಲ್ಲೂ ಅದರ ಪ್ರಸ್ತಾಪವಿಲ್ಲ. ಅದೇ ಸುಮಾರ್ರಗ 1539ರಲ್ಲಿ ಧರ್ಮವಿಚಾರಣಾಧಿಕಾರಿಯಾಗಿ ತೆಷ್ಕೊಕೊದ ನಾವಾ ನಾಯಕ ದೋನ್ ಕಾರ್ಲೋಸನನ್ನು ವಿಚಾರಣೆಗೆ ಒಳಪಡಿಸಿದ. ತೀರ್ಪಿನ ಕೊನೆಯಲ್ಲಿ ಅವನನ್ನು ಬಹಿರಂಗವಾಗಿ ಸುಡಲಾಯಿತು. ಸಾಮ್ರಾಜ್ಯ ಸೋತಿತ್ತು, ದೇವಾಲಯಗಳು ಉರುಳಿದ್ದವು, 1520ರಲ್ಲಿ ಸಿಡುಬು ಬಂದು ಹೋಗಿತ್ತು, 1545ರಲ್ಲಿ ಮತ್ತು 1576ರಲ್ಲಿ ಇನ್ನೂ ಭೀಕರವಾದ ಸಾಂಕ್ರಾಮಿಕಗಳು ಎರಗಲಿದ್ದವು. ಶತಮಾನ ಮುಗಿಯುವ ಹೊತ್ತಿಗೆ ಮಧ್ಯ ಮೆಕ್ಸಿಕೊದ ಮೂಲನಿವಾಸಿಗಳಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಜನ ಇಲ್ಲವಾದರೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಇಂಥ ಕಾಲದಲ್ಲಿ ನಡೆದ ಮತಾಂತರವನ್ನು ಒಂದು ಸುಂದರ ಚಿತ್ರದ ಪ್ರಭಾವವೆಂದು ಹೇಳಿದರೆ ಆ ಸಾವುಗಳೆಲ್ಲ ಕಥೆಯಿಂದ ಅಳಿಸಿಹೋಗುತ್ತವೆ.

ಎರಡನೆಯ ಉತ್ತರವೂ ದಾಖಲೆಗಳ ಮುಂದೆ ನಿಲ್ಲುವುದಿಲ್ಲ. ಇದು ಪಾದ್ರಿಗಳ ಹೂಟವಾಗಿದ್ದರೆ ಪಾದ್ರಿಗಳೇ ಅದನ್ನು ವಿರೋಧಿಸಬೇಕಾಗಿರಲಿಲ್ಲ. 1556ರಲ್ಲಿ ಆರ್ಚ್‌ಬಿಷಪ್ ಅಲೊನ್ಸೊ ದೆ ಮೊಂತೂಫಾರ್ ತೆಪೆಯಾಕಿನ ಭಕ್ತಿಯನ್ನು ಹೊಗಳಿ ಉಪದೇಶ ಮಾಡಿದ ಬೆನ್ನಲ್ಲೇ, ಫ್ರಾನ್ಸಿಸ್ಕನ್ನರ ಮುಖ್ಯಸ್ಥ ಫ್ರಾನ್ಸಿಸ್ಕೊ ದೆ ಬುಸ್ತಾಮಾಂತೆ ಉಪದೇಶ ಪೀಠದಿಂದಲೇ ಅದನ್ನು ಖಂಡಿಸಿದ. ಮಾರ್ಕೋಸ್ ಎಂಬ ಮೂಲನಿವಾಸಿ ಬರೆದ ಚಿತ್ರವೊಂದು ಪವಾಡ ಮಾಡುತ್ತದೆಂದು ಜನರಿಗೆ ಹೇಳಿದರೆ, ವಿಗ್ರಹಗಳನ್ನು ಬಿಡಿ ಎಂದು ಇಷ್ಟು ವರ್ಷ ಕಲಿಸಿದ್ದೆಲ್ಲ ನೀರುಪಾಲಾಗುತ್ತದೆ ಎಂಬುದು ಅವನ ಆತಂಕ. ಇನ್ನಿಪ್ಪತ್ತು ವರ್ಷಗಳಾದ ಮೇಲೆ, ನಾವಾ ಜನರ ಸಂಸ್ಕೃತಿಯನ್ನು ಅವರದೇ ಭಾಷೆಯಲ್ಲಿ ದಾಖಲಿಸಿದ ಬೆರ್ನಾರ್ದಿನೊ ದೆ ಸಾಹಗೂನ್ ಕೂಡ ಇದೇ ಅನುಮಾನವನ್ನು ಬರೆದಿಟ್ಟ: ಆ ಗುಡ್ಡದಲ್ಲಿ ಮೊದಲು ತೊನಾಂತ್ಸಿನ್ ಎಂದು ಕರೆಯುತ್ತಿದ್ದ ದೇವತೆಯ ಗುಡಿಯಿತ್ತು, ಜನ ಹಿಂದಿನಂತೆಯೇ ದೂರದೂರದಿಂದ ಬರುತ್ತಾರೆ, ಮರಿಯಮ್ಮನಿಗೆ ಬೇರೆಡೆ ಎಷ್ಟೋ ಇಗರ್ಜಿಗಳಿದ್ದರೂ ಅಲ್ಲಿಗೆ ಹೋಗುವುದಿಲ್ಲ. ಅಂದರೆ, ಅಂದಿನ ಧರ್ಮಸಭೆಯ ಒಂದು ದೊಡ್ಡ ಭಾಗಕ್ಕೆ ತೆಪೆಯಾಕ್ ತಮ್ಮ ಕೈ ಮೀರಿ ಹೋಗುತ್ತಿದ್ದ ಜಾಗವಾಗಿ ಕಾಣುತ್ತಿತ್ತು.

ಹಾಗಾದರೆ ಅಲ್ಲಿ ನಿಜವಾಗಿ ನಡೆಯುತ್ತಿದ್ದುದೇನು? ನನಗೆ ಹೆಚ್ಚು ಬೆಳಕು ಕೊಡುವುದು, 1649ರಲ್ಲಿ ಲಾಸೊ ದೆ ಲಾ ವೇಗ ಎಂಬ ಪಾದ್ರಿ ನಾವಾ ಜನರ ನಾವಾತ್ಲ್ ಭಾಷೆಯಲ್ಲಿ ಅಚ್ಚು ಹಾಕಿಸಿದ ದರ್ಶನದ ಕಥನ. ಅದನ್ನು ಮೊದಲು ರಚಿಸಿದವನು ಅಂತೋನಿಯೊ ವಲೆರಿಯಾನೊ ಎಂಬ ನಾವಾ ವಿದ್ವಾಂಸನೆಂದು ಹಲವರು ವಾದಿಸುತ್ತಾರೆ, ಪಾದ್ರಿಯದೇ ಕೃತಿಯೆಂದು ಇನ್ನು ಕೆಲವರು. ಬರೆದವರು ಯಾರೇ ಇರಲಿ, ಆ ನಾವಾತ್ಲ್ ಹಿರಿಯರೆದುರು ಆಡುವ ವಿನಯದ ಭಾಷೆ. ಮರಿಯಮ್ಮ ತನ್ನ ಸಂದೇಶವನ್ನು ಬಿಷಪ್ಪನಿಗೆ ತಲುಪಿಸಲು ಹೇಳುತ್ತಾಳೆ. ಹ್ವಾನ್ ದಿಯೆಗೊ ಹೋಗುತ್ತಾನೆ. ಸೇವಕರು ಅವನನ್ನು ಕಾಯಿಸುತ್ತಾರೆ, ಬಿಷಪ್ ನಂಬುವುದಿಲ್ಲ. ಮರಳಿ ಬಂದು ಅವನು ತಾಯಿಯಲ್ಲಿ ಬೇಡಿಕೊಳ್ಳುತ್ತಾನೆ: ನಾನು ಹೊರೆ ಹೊರುವ ಹಗ್ಗ, ಬೆನ್ನ ಮೇಲಿನ ಚೌಕಟ್ಟು, ಬರಿಯ ಬಾಲ, ಬರಿಯ ರೆಕ್ಕೆ, ಹೆಸರಿರುವ, ಗೌರವವಿರುವ ಯಾರನ್ನಾದರೂ ಕಳುಹಿಸು. ತನಗೆ ಸೇವಕರಿಗೇನೂ ಕಡಿಮೆಯಿಲ್ಲ, ಆದರೂ ಹೋಗಬೇಕಾದವನು ನೀನೇ ಎಂದು ಆಕೆ ಹಟ ಹಿಡಿಯುತ್ತಾಳೆ. ತನ್ನ ಗುಡಿ ಇಲ್ಲಿಯೇ, ಈ ಗುಡ್ಡದಲ್ಲೇ ಆಗಬೇಕು ಎನ್ನುತ್ತಾಳೆ.

ಕಥೆಯ ತಿರುಳು ಇರುವುದು ಇದರ ನಂತರ. ಹ್ವಾನ್ ದಿಯೆಗೊನ ಸೋದರಮಾವ ಹ್ವಾನ್ ಬೆರ್ನಾರ್ದಿನೊ ಹಾಸಿಗೆ ಹಿಡಿದಿದ್ದಾನೆ. ಆ ಕಾಯಿಲೆಗೆ ಕಥನದಲ್ಲಿ ಬಳಸಿರುವುದು ಆ ಶತಮಾನದ ಮಹಾಮಾರಿಗಳಿಗೆ ನಾವಾ ಜನ ಬಳಸುತ್ತಿದ್ದ ಕೊಕೊಲಿತ್ಸ್ಲಿ ಎಂಬ ಹೆಸರನ್ನೇ. ಸಾಯುವವನಿಗೆ ಪಾದ್ರಿಯನ್ನು ಕರೆತರಲು ಓಡುತ್ತಿರುವ ಹ್ವಾನ್ ದಿಯೆಗೊ, ತಾಯಿ ಎದುರಾದರೆ ತಡವಾದೀತೆಂದು ಗುಡ್ಡದ ಇನ್ನೊಂದು ಬದಿಯಿಂದ ಸುತ್ತಿ ಹೋಗಲು ನೋಡುತ್ತಾನೆ. ಆಕೆ ಅಡ್ಡ ಬಂದು, ಹೆದರಬೇಡ, ನಿನ್ನ ತಾಯಿಯಾದ ನಾನು ಇಲ್ಲಿಯೇ ಇಲ್ಲವೇ ಎಂದು ಕೇಳುತ್ತಾಳೆ. ತೆಪೆಯಾಕಿನಲ್ಲಿ 1976ರಲ್ಲಿ ಕಟ್ಟಿದ ಹೊಸ ಬಸಿಲಿಕಾದ (ದೊಡ್ಡ ಇಗರ್ಜಿಯ) ಬಾಗಿಲ ಮೇಲಿರುವುದು ಇದೇ ಮಾತು. ಮನೆಮನೆಯಲ್ಲಿ ಹೆಣ ಬಿದ್ದು ಊರುಗಳೇ ಬರಿದಾದ ಶತಮಾನವನ್ನು ದಾಟಿ ಬಂದ ಜನರಿಗೆ ಈ ಮಾತು ಏನಾಗಿ ಕೇಳಿಸಿರಬೇಕು ಎಂದು ಯೋಚಿಸಿದಾಗಲೆಲ್ಲ, ಮರುಳುಗೊಳಿಸಿದರು ಎಂಬ ಪದವನ್ನು ಬಳಸಲು ನನಗೆ ಮನಸ್ಸಾಗುವುದಿಲ್ಲ. ಜ್ಞಾನಸ್ನಾನ ಅವರಿಗೆ ಅದಾಗಲೇ ಆಗಿಹೋಗಿತ್ತು, ಹಲವರಿಗೆ ಕೇಳದೆಯೇ. ಹಾಗೆ ಸೇರಿಸಲ್ಪಟ್ಟ ಧರ್ಮದೊಳಗೆ ತಮ್ಮ ಭಾಷೆಯಲ್ಲಿ, ತಮ್ಮ ಗುಡ್ಡದ ಮೇಲೆ, ತಮ್ಮವನೊಬ್ಬನ ಬಾಯಿಂದ ಬಿಷಪ್ಪನಿಗೇ ಅಪ್ಪಣೆ ಹೋಗುವಂಥ ಜಾಗವೊಂದನ್ನು ಅವರು ಈ ಕಥೆಯಲ್ಲಿ ಕಂಡುಕೊಂಡರು. ದರ್ಶನ ಸತ್ಯವೋ ಅಲ್ಲವೋ ಎಂಬುದು ನಂಬುವವರಿಗೆ ಬಿಟ್ಟದ್ದು. ಮೂಲನಿವಾಸಿಗಳು ಆ ದರ್ಶನದಿಂದ ಮಾಡಿಕೊಂಡದ್ದೇನು ಎಂಬುದು ಇತಿಹಾಸದ ವಿಷಯ, ಮತ್ತು ಅದು ಅವರ ಬುದ್ಧಿಯ, ಅವರ ಎದೆಗಾರಿಕೆಯ ಕೆಲಸ.

ಇದೆಲ್ಲ ಬೇಗ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಮೊದಮೊದಲು ಈ ಭಕ್ತಿಯನ್ನು ಬರಹದಲ್ಲಿ ಎತ್ತಿ ಹಿಡಿದವರಲ್ಲಿ ಇಲ್ಲಿಯೇ ಹುಟ್ಟಿದ ಸ್ಪೇನ್ ಮೂಲದ ಪಾದ್ರಿಗಳೇ ಹೆಚ್ಚು. 1737ರಲ್ಲಿ, ಮತ್ತೊಂದು ಸಾಂಕ್ರಾಮಿಕದ ನಡುವೆ, ಆಕೆಯನ್ನು ಮೆಕ್ಸಿಕೊ ನಗರದ ಪಾಲಕಿಯೆಂದು ಸಾರಲಾಯಿತು. 1754ರಲ್ಲಿ ಪೋಪರ ಮನ್ನಣೆ ಬಂತು. ದೂರದ ಹಳ್ಳಿಗಳಿಗೆ ಭಕ್ತಿ ಹಬ್ಬಿದ್ದು ಬಹುಮಟ್ಟಿಗೆ ಹದಿನೆಂಟನೆಯ ಶತಮಾನದಲ್ಲಿ. 1810ರಲ್ಲಿ ಮಿಗೆಲ್ ಹಿದಾಲ್ಗೊ ಎಂಬ ಪಾದ್ರಿ ಸ್ಪೇನಿನ ವಿರುದ್ಧ ದಂಗೆ ಎದ್ದಾಗ ಅವನ ಹಿಂದೆ ಬಂದ ರೈತರ ಕೈಯಲ್ಲಿದ್ದದ್ದು ಆಕೆಯ ಪಟ, ಮುಂದಿನ ಶತಮಾನದ ಕ್ರಾಂತಿಯಲ್ಲಿ ರೈತ ನಾಯಕ ಎಮಿಲಿಯಾನೊ ಸಪಾತಾನ ಸೈನಿಕರು ಹಿಡಿದದ್ದೂ ಅದನ್ನೇ. ಹ್ವಾನ್ ದಿಯೆಗೊನನ್ನು ಸಂತನೆಂದು ಘೋಷಿಸಿದ್ದು 2002ರಲ್ಲಿ. ಬಿಷಪ್ ಒಂದೇ ವಾರದೊಳಗೆ ನಂಬಿದನೆಂದು ಕಥೆ ಹೇಳುತ್ತದೆ. ಸಂದೇಶ ತಂದವನನ್ನು ಪೀಠಕ್ಕೇರಿಸಲು ಧರ್ಮಸಭೆ ತೆಗೆದುಕೊಂಡದ್ದು 471 ವರ್ಷ.

ಮೂಲನಿವಾಸಿಗೆ ಆದ ದರ್ಶನವನ್ನು ಧರ್ಮಸಭೆ ಯಾವಾಗಲೂ ಹೀಗೆ ಬರಮಾಡಿಕೊಂಡಿಲ್ಲ. ದಕ್ಷಿಣದ ಚಿಯಾಪಾಸಿನ ಕಾನ್‌ಕುಕ್ ಎಂಬ ಊರಿನಲ್ಲಿ 1712ರಲ್ಲಿ ತ್ಸೆಲ್ತಾಲ್ ಸಮುದಾಯದ ಹುಡುಗಿಯೊಬ್ಬಳು, ತನಗೆ ಮರಿಯಮ್ಮ ಕಾಣಿಸಿಕೊಂಡು ಗುಡಿ ಕಟ್ಟುವಂತೆ ಹೇಳಿದಳೆಂದಳು. ಮುಂದೆ ಮರಿಯಾ ದೆ ಲಾ ಕಾಂದೆಲಾರಿಯಾ ಎಂದು ಹೆಸರಾದವಳು ಈಕೆಯೇ. ತೆಪೆಯಾಕಿನಲ್ಲಿ ಕೇಳಿದ್ದೂ ಗುಡಿಯನ್ನೇ. ಆದರೆ ಇಲ್ಲಿಯ ಪಾದ್ರಿ ಅವಳನ್ನು ಚಾಟಿಯಿಂದ ಹೊಡೆಸಿದ, ಗುಡಿಯನ್ನು ಕೆಡವಲು ನೋಡಿದ. ಊರವರು ಬಗ್ಗಲಿಲ್ಲ. ಕಪ್ಪಕಾಣಿಕೆ ಮತ್ತು ಬಲವಂತದ ವ್ಯಾಪಾರದಿಂದ ನುಜ್ಜುಗುಜ್ಜಾಗಿದ್ದ ತ್ಸೆಲ್ತಾಲ್, ತ್ಸೊತ್ಸಿಲ್ ಮತ್ತು ಚೋಲ್ ಹಳ್ಳಿಗಳು ಒಂದುಗೂಡಿ, ತಮ್ಮವರಿಗೇ ಪಾದ್ರಿ ದೀಕ್ಷೆ ಕೊಟ್ಟು, ತಮ್ಮದೇ ಪೂಜೆ ನಡೆಸತೊಡಗಿದವು. ವರ್ಷ ಮುಗಿಯುವುದರೊಳಗೆ ಸೈನ್ಯ ಕಾನ್‌ಕುಕನ್ನು ಹಿಡಿಯಿತು. ಹುಡುಗಿ ಕಾಡಿಗೆ ಓಡಿಹೋಗಿ ಕೆಲವು ವರ್ಷಗಳ ಬಳಿಕ ಹೆರಿಗೆಯಲ್ಲಿ ಸತ್ತಳು. ಅವಳ ಹೆಸರು ಯಾವ ಬಸಿಲಿಕಾದಲ್ಲೂ ಇಲ್ಲ. ತೆಪೆಯಾಕ್ ಮತ್ತು ಕಾನ್‌ಕುಕ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಮೆಕ್ಸಿಕೊದ ಕಥೋಲಿಕ ಧರ್ಮದ ಬಗ್ಗೆ ಮಾತನಾಡಬಾರದೆಂದೇ ನನ್ನ ನಂಬಿಕೆ. ಒಂದು ಕಡೆ ಬಿಷಪ್ಪನ ಬಾಗಿಲು ತೆರೆಯಿತೆಂಬ ಕಥೆ, ಇನ್ನೊಂದು ಕಡೆ ತಾವೇ ಬಾಗಿಲು ತೆರೆದುಕೊಂಡವರಿಗೆ ಆದ ಗತಿ.

ನಮ್ಮ ಕಡೆಯ ರೀತಿಗಳನ್ನು ನೆನೆದಾಗ ಹೋಲಿಕೆಗಳೂ ವ್ಯತ್ಯಾಸಗಳೂ ಒಟ್ಟಿಗೇ ಕಾಣುತ್ತವೆ. ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬವನ್ನು ಮಂಗಳೂರಿನ ಕಥೋಲಿಕರು ಮೊಂತಿ ಹಬ್ಬವೆಂದು, ಹೊಸ ತೆನೆಯ ಹಬ್ಬವೆಂದು ಆಚರಿಸುತ್ತಾರೆ. ಮಕ್ಕಳು ಒಂಬತ್ತು ದಿನ ಹೂವು ತಂದು ಅರ್ಪಿಸುತ್ತಾರೆ, ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಅಂದಿನ ಊಟದಲ್ಲಿ ಮೀನುಮಾಂಸವಿರುವುದಿಲ್ಲ. ಗೋವೆಯಿಂದ ವಲಸೆ ಬಂದ ಈ ಜನ ಹೊಸತು ಉಣ್ಣುವ ಹಳೆಯ ಪದ್ಧತಿಯನ್ನು ಕೈಬಿಡದೆ ಮರಿಯಮ್ಮನ ಮಡಿಲಿಗಿಟ್ಟರು. ತಮಿಳುನಾಡಿನ ವೇಳಾಂಕಣ್ಣಿಯ ಐತಿಹ್ಯದಲ್ಲಿ ದರ್ಶನವಾದದ್ದು ಹಾಲು ಒಯ್ಯುತ್ತಿದ್ದ ಹುಡುಗನಿಗೆ, ಮಜ್ಜಿಗೆ ಮಾರುತ್ತಿದ್ದ ಕುಂಟ ಬಾಲಕನಿಗೆ. ಅಲ್ಲಿಗೆ ಕರ್ನಾಟಕದಿಂದ ಕಾವಿ ಉಟ್ಟು ಹೋಗುವವರಲ್ಲಿ, ಮುಡಿ ಕೊಡುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನಿಗೆ ಸೀರೆ ಉಡಿಸಿದರೆ ಅದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ.

ಆದರೆ ಇದೇ ಸೀರೆ ರಾಂಚಿಯಲ್ಲಿ ಬೇರೆಯೇ ಅರ್ಥ ಪಡೆಯಿತು. ಛೋಟಾನಾಗಪುರದ ಮುಂಡಾ, ಉರಾಂವ್ ಜನರಲ್ಲಿ ಕಥೋಲಿಕ ಧರ್ಮ ಹಬ್ಬಿದ್ದರ ಹಿಂದೆ ಯಾವ ದರ್ಶನವೂ ಇರಲಿಲ್ಲ. ಬೆಲ್ಜಿಯಮ್ಮಿನ ಜೆಸುಯಿಟ್ ಪಾದ್ರಿ ಕಾನ್ಸ್ಟಂಟ್ ಲೀವನ್ಸ್ 1885ರಲ್ಲಿ ತೋರ್ಪಾಕ್ಕೆ ಬಂದು, ಜಮೀನ್ದಾರರ ಬಿಟ್ಟಿ ಚಾಕರಿ ಮತ್ತು ಭೂಕಬಳಿಕೆಯ ವಿರುದ್ಧ ನ್ಯಾಯಾಲಯಗಳಲ್ಲಿ ಆದಿವಾಸಿಗಳ ಪರ ನಿಂತ. ಜನ ಸಾಲುಸಾಲಾಗಿ ಬಂದರು. 1908ರ ಛೋಟಾನಾಗಪುರ ಗೇಣಿ ಕಾಯ್ದೆಯನ್ನು ರೂಪಿಸುವುದರಲ್ಲೂ ಜಾನ್ ಹಾಫ್‌ಮನ್ ಎಂಬ ಜೆಸುಯಿಟ್ ಪಾದ್ರಿಯ ಕೈಯಿತ್ತು. ಅಲ್ಲಿ ಮತಾಂತರದ ಬೇರು ನೆಲದ ಹಕ್ಕಿನಲ್ಲಿತ್ತು. ಅದೇ ಪ್ರದೇಶದಲ್ಲಿ, ರಾಂಚಿಯ ಬಳಿಯ ಸಿಂಗ್‌ಪುರದಲ್ಲಿ, 2013ರಲ್ಲಿ ಕೆಂಪಂಚಿನ ಬಿಳಿ ಸೀರೆಯುಟ್ಟು ಮಗುವನ್ನು ಕಟ್ಟಿಕೊಂಡ ಮರಿಯಮ್ಮನ ಪ್ರತಿಮೆಯನ್ನು ಸ್ಥಾಪಿಸಿದಾಗ ತಮ್ಮ ಹಿರಿಯರ ಪ್ರಕೃತಿಪೂಜೆಯ ಸರನಾ ಧರ್ಮದ ಆದಿವಾಸಿಗಳು ಬೀದಿಗಿಳಿದರು. ನಮ್ಮ ಹಬ್ಬದ ಸೀರೆಯನ್ನು ಆಕೆಗೆ ಉಡಿಸಿದರೆ ಮುಂದಿನ ತಲೆಮಾರುಗಳು ಆಕೆಯನ್ನೇ ನಮ್ಮ ತಾಯಿದೇವತೆಯೆಂದು ತಿಳಿದಾವು ಎಂಬುದು ಅವರ ಆಕ್ಷೇಪ. ಆ ಸೀರೆ ಕಥೋಲಿಕ ಆದಿವಾಸಿ ಹೆಂಗಸರದೂ ಹೌದು, ತಮ್ಮ ತಾಯಿಗೆ ತಮ್ಮ ಉಡುಗೆ ಉಡಿಸುವ ಹಕ್ಕು ಅವರಿಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಸರನಾದವರ ಅಳುಕನ್ನು ರಾಜಕೀಯವೆಂದು ತಳ್ಳಿಹಾಕುವುದು ಸರಿಯಲ್ಲ. ತಮ್ಮ ಧರ್ಮಕ್ಕೆ ಜನಗಣತಿಯಲ್ಲಿ ಪ್ರತ್ಯೇಕ ಕಾಲಂ ಇಲ್ಲದ ಜನರಿಗೆ ತಮ್ಮ ಗುರುತು ಸದ್ದಿಲ್ಲದೆ ಕರಗಿಹೋಗುವ ಭಯ ನಿಜವಾದದ್ದು. ತೊನಾಂತ್ಸಿನ್‌ಳನ್ನು ತೊನಾಂತ್ಸಿನ್ ಆಗಿಯೇ ಪೂಜಿಸುವವರು ತೆಪೆಯಾಕಿನ ಸುತ್ತ ಸಮುದಾಯವಾಗಿ ಉಳಿಯಲಿಲ್ಲ. ಆದ್ದರಿಂದ ಇಂಥ ಆಕ್ಷೇಪ ಎತ್ತುವವರೇ ಇಲ್ಲಿಲ್ಲ. ರಾಂಚಿಯಲ್ಲಿ ಅವರಿದ್ದಾರೆ, ಅವರ ಮಾತು ಕೇಳಬೇಕು.

ಡಿಸೆಂಬರ್ 12ರ ಹಬ್ಬಕ್ಕೆ ತೆಪೆಯಾಕಿಗೆ ಲಕ್ಷಾಂತರ ಜನ ನಡೆದು ಬರುತ್ತಾರೆ, ಕೆಲವರು ಕೊನೆಯ ದೂರವನ್ನು ಮೊಣಕಾಲಿನಲ್ಲಿ ಕ್ರಮಿಸುತ್ತಾರೆ. ಅಂಗಳದಲ್ಲಿ ಕೊಪಾಲ್ ಧೂಪದ ನಡುವೆ ಗರಿಮುಡಿ ತೊಟ್ಟವರ ಕುಣಿತ ಇಡೀ ದಿನ ನಡೆಯುತ್ತದೆ. ಆ ಕುಣಿತಕ್ಕೆ ಅಂಗಳವಿದೆ. ಬಲಿಪೀಠದ ಬಳಿ ಜಾಗ ಸಿಗುವುದು ಕಷ್ಟ. ಈ ವಿಷಯದಲ್ಲಿ ಈಚೆಗೆ ಏನಾದರೂ ಸರಿದಿದ್ದರೆ ಅದು, ಆಶ್ಚರ್ಯವೆಂಬಂತೆ, ಕಾನ್‌ಕುಕ್ ಇರುವ ಚಿಯಾಪಾಸಿನಲ್ಲೇ. ಅಲ್ಲಿಯ ಬಿಷಪ್ ಸಮುಯೆಲ್ ರುಯಿಸ್ ವಿವಾಹಿತ ಮೂಲನಿವಾಸಿಗಳಿಗೆ ದೊಡ್ಡ ಸಂಖ್ಯೆಯಲ್ಲಿ ಡೀಕನ್ (ಪಾದ್ರಿಗಿಂತ ಕೆಳಗಿನ ದರ್ಜೆಯ) ದೀಕ್ಷೆ ಕೊಟ್ಟರು. ವ್ಯಾಟಿಕನ್ ಅದನ್ನು ಕೆಲವು ವರ್ಷ ತಡೆಹಿಡಿದು 2014ರಲ್ಲಿ ತಡೆ ತೆರವುಗೊಳಿಸಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿ ನಡೆಸಿದ ಬಲಿಪೂಜೆಯಲ್ಲಿ ತ್ಸೆಲ್ತಾಲ್, ತ್ಸೊತ್ಸಿಲ್, ಚೋಲ್ ಭಾಷೆಗಳು ಕೇಳಿಬಂದವು. 2024ರ ನವೆಂಬರಿನಲ್ಲಿ, ಆ ಸಮುದಾಯಗಳ ಕುಣಿತದ ಪ್ರಾರ್ಥನೆಯನ್ನೂ, ಹೆಂಗಸರು ಧೂಪ ಹಾಕುವುದನ್ನೂ, ಗೃಹಸ್ಥ ಹಿರಿಯರು ಪೂಜೆಯ ಕೆಲವು ಭಾಗಗಳಲ್ಲಿ ಪ್ರಾರ್ಥನೆ ನಡೆಸುವುದನ್ನೂ ವ್ಯಾಟಿಕನ್ ಅಧಿಕೃತವಾಗಿ ಒಪ್ಪಿತು. 1712ರಲ್ಲಿ ಇದೇ ಜನ ತಾವಾಗಿ ಮಾಡಿದ್ದಕ್ಕೆ ಸೈನ್ಯ ಬಂದಿತ್ತು. ಗೃಹಸ್ಥರಾದ ತ್ಸೆಲ್ತಾಲ್ ಹಿರಿಯರು ಡೀಕನ್ ಆಗಬಹುದು, ಪಾದ್ರಿಯಾಗುವಂತಿಲ್ಲ. ಮದುವೆಯಾದವನಿಗಷ್ಟೇ ಹಿರಿತನವನ್ನು ಒಪ್ಪಿಸುವ ಸಮುದಾಯಗಳಲ್ಲಿ ಈ ನಿಯಮ ಉಳಿದಿರುವ ತನಕ, ಬಲಿಪೂಜೆ ಸಲ್ಲಿಸಲು ಬಹುತೇಕ ಹಳ್ಳಿಗಳು ಹೊರಗಿನಿಂದ ಬರುವ ಪಾದ್ರಿಯನ್ನೇ ಕಾಯಬೇಕಾಗುತ್ತದೆ.