ಅವರು ಮಾಟಗಾತಿಯರಲ್ಲ, ಪಾಲು ಹಂಚುವವರು

ಈಗಷ್ಟೇ ಮಗಳ ಶಾಲೆಯ ನಾಟಕ ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಮಕ್ಕಳ ಮೇಲಲ್ಲ, ಅವರು ಚೆನ್ನಾಗಿಯೇ ಮಾಡಿದರು. ಆದರೆ ಗ್ರೀಕರ ವಿಧಿದೇವತೆಯರು ಅಂತ ಮೂವರು ವಿಕಾರ ಮುದುಕಿಯರನ್ನು ತಂದು ನಿಲ್ಲಿಸಿದ್ದರು. ಮೂವರಿಗೂ ಸೇರಿ ಒಂದೇ ಕಣ್ಣು. ಅದಕ್ಕಾಗಿ ಕಿತ್ತಾಡುತ್ತಾ ನೂಲು ಕತ್ತರಿಸುತ್ತಾರೆ, ಜನ ನಗುತ್ತಾರೆ.

ಗ್ರೀಕ್ ಕಥೆ ಅಂದ್ರೆ ನನಗೆ ಎಷ್ಟು ಜೀವ ಅಂತ ನಿಮಗೆ ಗೊತ್ತಲ್ಲ. ಹೇಳದೆ ಇರಲಾರೆ. ಆ ಒಂದೇ ಕಣ್ಣಿನ ಅಕ್ಕತಂಗಿಯರು ಗ್ರೈಯೈ. ಗ್ರೀಕ್ ಕಥೆಗಳ ವೀರ ಪೆರ್ಸಿಯಸ್ ಕಣ್ಣು ಕಸಿದುಕೊಂಡದ್ದು ಅವರಿಂದ. ವಿಧಿದೇವತೆಯರಾದ ಮೊಯ್ರಾಯ್ ಬೇರೆಯೇ. ಕ್ಲೋಥೋ ಆಯುಸ್ಸಿನ ನೂಲನ್ನು ನೂಲುತ್ತಾಳೆ. ಲ್ಯಾಕೆಸಿಸ್ ಯಾರಿಗೆ ಎಷ್ಟು ಅಂತ ಹಂಚುತ್ತಾಳೆ. ಆಟ್ರೊಪೋಸ್ ಅಂದರೆ ಹಿಂದಕ್ಕೆ ತಿರುಗಿಸಲಾಗದವಳು.

'ಮೊಯ್ರಾ' ಅನ್ನುವ ಮಾತಿನ ಅರ್ಥವೇ ಪಾಲು. ಊಟದಲ್ಲಿ ಒಬ್ಬೊಬ್ಬರಿಗೆ ಬರುವ ಪಾಲಿಗೂ ಅದೇ ಮಾತು, ಆಯುಸ್ಸಿಗೂ ಅದೇ. 'ಪಾಲಿಗೆ ಬಂದದ್ದು ಪಂಚಾಮೃತ' ಅನ್ನುವ ನಮಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಾ? ಅವರು ಹಂಚುವವರು. ಹುಟ್ಟುವಾಗಲೇ ಒಳ್ಳೆಯದನ್ನೂ ಕೆಟ್ಟದ್ದನ್ನೂ ಕೊಡುತ್ತಾರೆ ಅಂತ ಹಳೆಯ ಗ್ರೀಕ್ ಕವಿ ಹೆಸಿಯಡ್ ಹೇಳುತ್ತಾನೆ. ಅಥೆನ್ಸಿನ ಹೆಣ್ಣುಮಕ್ಕಳು ಮದುವೆಗೆ ಮೊದಲು ಕೂದಲು ಅರ್ಪಿಸುತ್ತಿದ್ದ ದೇವತೆಗಳಲ್ಲಿ ಇವರೂ ಇದ್ದರು. ಕ್ರಿ.ಪೂ. 570ರ ಸುಮಾರಿನ ಒಂದು ದೊಡ್ಡ ಮಡಕೆ ಫ್ಲಾರೆನ್ಸಿನಲ್ಲಿದೆ. ಅದರ ಮೇಲೆ ವೀರ ಅಕಿಲೀಸನ ತಂದೆತಾಯಿ ಪೀಲಿಯಸ್ ಮತ್ತು ಥೀಟಿಸ್‌ರ ಮದುವೆ ಮೆರವಣಿಗೆ. ಮೊಯ್ರಾಯ್ ಅಲ್ಲಿ ಬೇರೆ ದೇವತೆಗಳ ಜೊತೆ ಗೌರವದಿಂದ ನಡೆದು ಬರುತ್ತಿದ್ದಾರೆ.

ರೋಮಿನ ಕವಿ ಕಟುಲಸ್ ಅವರನ್ನು ನಡುಗುವ ಮುದುಕಿಯರು ಅಂತಲೇ ಬರೆದಿದ್ದಾನಲ್ಲ ಅಂತ ಒಬ್ಬರು ವಾದ ಹೂಡಿದರು. ಹೌದು, ಬರೆದಿದ್ದಾನೆ. ಆದರೆ ಅಲ್ಲೂ ಅವರು ಅದೇ ಮದುವೆಯಲ್ಲಿ ಕೂತು, ನೂಲುತ್ತಾ ಹಾಡು ಹೇಳುತ್ತಾರೆ. ವಯಸ್ಸಾದ ಮಾತ್ರಕ್ಕೆ ಮಾಟಗಾತಿಯರಾಗಿಬಿಡ್ತಾರಾ? 'ಮಕ್ಕಳ ನಾಟಕ ತಾನೇ, ಬಿಡಿ' ಅಂದರು ಇನ್ನೊಬ್ಬರು. ಮಕ್ಕಳ ನಾಟಕ ಅಂತಲೇ ಬಿಡಲಾಗುತ್ತಿಲ್ಲ. ಚಿಕ್ಕಂದಿನಲ್ಲಿ ನೋಡಿದ್ದು ತಲೆಯಿಂದ ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಇದು ಬರೀ ಕಥೆಯಲ್ಲ. ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೋಮರನ ಯುದ್ಧಕಾವ್ಯ ಇಲಿಯಡ್ಡಿನ 16ನೇ ಭಾಗ ಓದುತ್ತಿದ್ದೆ. ದೇವರ ರಾಜ ಜೀಯಸ್‌ನ ಮಗ ಸಾರ್ಪೆಡಾನ್ ಇನ್ನೇನು ಸಾಯುತ್ತಾನೆ. ಉಳಿಸಿಕೊಳ್ಳಲೇ ಅಂತ ತಂದೆಗೆ ಆಸೆ. ಜೀಯಸ್‌ನ ಹೆಂಡತಿ ಹೀರಾ ತಡೆಯುತ್ತಾಳೆ: ನೀನು ನಿನ್ನ ಮಗನನ್ನು ಉಳಿಸಿಕೊಂಡರೆ ಬೇರೆ ದೇವರುಗಳೂ ತಮ್ಮ ಮಕ್ಕಳಿಗಾಗಿ ಹೊರಡುವುದಿಲ್ಲವೇ? ಜೀಯಸ್ ಸುಮ್ಮನಾಗುತ್ತಾನೆ. ಭೂಮಿಯ ಮೇಲೆ ರಕ್ತದ ಮಳೆ ಸುರಿಸುತ್ತಾನೆ. ದೇವರ ರಾಜನ ಮಗನಿಗೂ ಪಾಲು ಜಾಸ್ತಿ ಇಲ್ಲ. ಅಪ್ಪನಿಗೆ ಇನ್ನೊಂದು ವರ್ಷ ಕೊಡಿ ಅಂತ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದ ನಾನು ಆ ಸಾಲುಗಳ ಮೇಲೆ ತಲೆಯಿಟ್ಟು ಅತ್ತೆ. ಆಮೇಲೆ ಯಾಕೋ ಯಾರ ಮೇಲೂ ಸಿಟ್ಟು ಉಳಿಯಲಿಲ್ಲ.

ಇವತ್ತು ಆಟ್ರೊಪೋಸ್ ಆಗಿದ್ದವಳು ನನ್ನ ಮಗಳೇ. ಕಣ್ಣ ಕೆಳಗಿನ ಕಪ್ಪು ಬಣ್ಣ ಇನ್ನೂ ಹೋಗಿಲ್ಲ. ನಾಳೆ ಇನ್ನೊಂದು ಪ್ರದರ್ಶನ ಇದೆಯಂತೆ. ಬೆಳಿಗ್ಗೆ ಹೋಗಿ, ಆ ಕಣ್ಣೊಂದನ್ನು ತೆಗೆದುಬಿಡಿ ಅಂತ ಟೀಚರ್ ಹತ್ತಿರ ಕೇಳಿಕೊಳ್ಳುತ್ತೇನೆ.