ಅರ್ಧ ಗಂಟೆಯಲ್ಲಿ ದುಬೈ

ದುಬೈಗೆ ವಿಮಾನದಲ್ಲಿ ಹೋಗಲು ಎರಡೇ ಗಂಟೆಯಂತೆ, ಭಾವ ಹೇಳಿದ್ದು. ಬರುವಾಗ ಲಗೇಜ್ ಜಾಸ್ತಿಯಂತೆ. ಅದಕ್ಕೇ ಐದು ಗಂಟೆಯಂತೆ! ಇಡೀ ಪಂಕ್ತಿ ತಲೆಯಾಡಿಸಿತು ಮಾರ್ರೆ. ಇಂಜಿನಿಯರಿಂಗ್ ಓದಿದವರು ಇಬ್ಬರಿದ್ದರು. ಅವರೂ.

ಊಟ ಮುಗಿಸಿ ಬಂದು ಮೂರು ಗಂಟೆಯಾಯಿತು. ಇನ್ನೂ ಹೊಟ್ಟೆ ಉರಿಯುತ್ತಿದೆ. ಮೆಣಸ್ಕಾಯಿಯಿಂದಲ್ಲ.

ಭಾವ ಶುರುವಿಗೆ ಹೇಳಿದ್ದು ಇಷ್ಟೇ. "ಮಂಗಳೂರಿಂದ ದುಬೈಗೆ ಬರೀ ಎರಡು ಗಂಟೆ. ಟಿಕೆಟಲ್ಲೇ ಉಂಟು." ನಾನು ಸುಮ್ನೆ ಉಣ್ಣಬಹುದಿತ್ತು. ಉಣ್ಣಲಿಲ್ಲ. "ಹಾಗಲ್ಲ ಭಾವ, ಟಿಕೆಟಲ್ಲಿ ಇರುವುದು ಆಯಾ ಊರಿನ ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು" ಎಂದೆ.

"ಹಾಗಾದ್ರೆ ಎಷ್ಟಾಯ್ತು, ಹೇಳು ನೋಡುವ."

ಬಲಗೈ ತುಂಬಾ ಸಾರು. ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದಾರೆ. ಪಾಯಸ ಬಡಿಸುವವನೂ ಸೌಟು ಎತ್ತಿ ಹಿಡಿದು ನಿಂತುಬಿಟ್ಟ. ಕೂಡಿಸುವಲ್ಲಿ ಕಳೆದುಬಿಟ್ಟೆ. "ಅರ್ಧ ಗಂಟೆ" ಎಂದೆ. ಗಟ್ಟಿಯಾಗಿ ಬೇರೆ.

"ಅರ್ಧ ಗಂಟೆಯಲ್ಲಿ ನಮ್ಮ ಬಸ್ ಪಡುಬಿದ್ರಿ ಮುಟ್ಟುವುದಿಲ್ಲ, ಇವ ದುಬೈ ಮುಟ್ಟಿದ!"

ನಗು ಎಂದರೆ ನಗು. ಅತ್ತೆಗೆ ನೆತ್ತಿಗೆ ಹತ್ತಿ ನೀರು ಕೊಡಬೇಕಾಯಿತು. ಅದೆಲ್ಲ ಅಡಗಿದ ಮೇಲೆ ಭಾವ ನಿಧಾನಕ್ಕೆ, ಉಪ್ಪಿನಕಾಯಿ ನೆಕ್ಕುತ್ತಾ, "ನೀನು ವಿಮಾನ ಹತ್ತಿದ್ದೀಯಾ?" ಎಂದರು.

ಹತ್ತಿಲ್ಲ. ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋದದ್ದೆಲ್ಲ ಇವರನ್ನೇ ಕರೆತರಲು. ಬೆಳಗಿನ ಜಾವ ಇವರ ಪೆಟ್ಟಿಗೆ ಹೊತ್ತು ಡಿಕ್ಕಿಗೆ ಹಾಕಿದವನು ನಾನು. ಲಗೇಜ್ ಜಾಸ್ತಿ ಅನ್ನುವುದಂತೂ ಸುಳ್ಳಲ್ಲ.

ಆದರೆ ಮಂಗಳೂರಿಂದ ದುಬೈ ನೇರ ಅಳತೆಯಲ್ಲೇ ಸುಮಾರು 2,450 ಕಿಲೋಮೀಟರ್. ಎರಡು ಗಂಟೆಯಲ್ಲಿ ಹೋಗಬೇಕಾದರೆ ಗಂಟೆಗೆ 1,225. ಅದು ನೆಲದ ಮೇಲೆ ಶಬ್ದ ಓಡುವ ವೇಗ! ಪ್ರಯಾಣಿಕರ ವಿಮಾನ ಹಾರುವುದು 800, 900ರ ಆಸುಪಾಸಿನಲ್ಲಿ. ದೆಹಲಿ ಸುಮಾರು 1,750 ಕಿಲೋಮೀಟರ್, ಅದಕ್ಕೇ ಮೂರು ಗಂಟೆಯ ಹತ್ತಿರ ಬೇಕು. ಅದಕ್ಕಿಂತ ದೂರದ ದುಬೈಗೆ ಎರಡೇ ಹೇಗೆ? ಯಾರಾದರೂ ಉತ್ತರ ಹೇಳಿ. ಆ ಇಂಜಿನಿಯರುಗಳಾದರೂ ಹೇಳಲಿ.

ಹೋಗಲಿ ಬಿಡಿ. ಎರಡು ಗಂಟೆಯೇ ಇರಲಿ. ನನಗೇನು, ನಾನು ಹೋಗುವವನಾ?

ಆದರೆ ಲಗೇಜ್ ಅಂತೆ! ಹೋಗುವಾಗಿನ ಎರಡಕ್ಕೆ ಒಂದೂವರೆ ಕೂಡಿಸಿ, ಬರುವಾಗಿನ ಐದರಿಂದ ಒಂದೂವರೆ ಕಳೆಯಿರಿ. ಎರಡೂ ಕಡೆ ಗಾಳಿಯಲ್ಲಿ ಇರುವುದು ಹೆಚ್ಚುಕಮ್ಮಿ ಮೂರೂವರೆ ಗಂಟೆಯೇ. ಚಳಿಗಾಲದಲ್ಲಿ ಮೇಲಿನ ಪಶ್ಚಿಮದ ಗಾಳಿ ಹಿಂದಿನಿಂದ ತಳ್ಳಿದರೆ ಬರುವಾಗಲೇ ಸ್ವಲ್ಪ ಬೇಗ. ಪೆಟ್ಟಿಗೆ ಎಷ್ಟಿದ್ದರೂ.

ಇದನ್ನೆಲ್ಲ ಬರೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಲ್ಲರೂ ನೋಡಿದ್ದಾರೆ. ಉತ್ತರ ಬಂದದ್ದು ಅತ್ತೆಯಿಂದ ಮಾತ್ರ.

"ಶುಕ್ರವಾರ ಭಾವನನ್ನು ಬಜ್ಪೆಗೆ ಬಿಡಬೇಕು. ಮೂರು ಗಂಟೆಗೇ ಕಾರು ತಾ. ನಿನ್ನ ಅರ್ಧ ಗಂಟೆ ಲೆಕ್ಕ ಹಿಡಿಯಬೇಡ."